ಪ್ರೇಕ್ಷಕರು ನಂಬದ ಕೊಲೆ

ರೋಲೋ ಬ್ರಾಂಟ್ ಸಿಗರೇಟಿನ ಬೂದಿ ಕೊಡವಿದ.

ಬೂದಿ ಬಿದ್ದದ್ದು ಬಾಯಿ ತೆರೆದಿದ್ದ ಫಿಲ್ಮ್ ಡಬ್ಬದಿಂದ ಒಂದು ಗೇಣು ಆಚೆ!

ಆ ಕಾಲದ ಫಿಲ್ಮೆಂದರೆ ಸಿಡಿಮದ್ದಿನ ಒಡಹುಟ್ಟು. ಒಂದು ಕಿಡಿ ಸಾಕು. ನೀರು ಸುರಿದರೂ ಆರುವುದಿಲ್ಲ. ಅದಕ್ಕೇ ಪ್ರೊಜೆಕ್ಟರ್ ಕೋಣೆಗೆ ಕಬ್ಬಿಣದ ಬಾಗಿಲು. ಒಳಗಿದ್ದವರು ಬೆಂದರೂ ಹೊರಗಿದ್ದವರು ಬದುಕಲಿ ಅಂತ.

ನಾನು ಒಳಗಿದ್ದೆ.

ಕೆಳಗೆ ಲೂನಾ ಥಿಯೇಟರಿನಲ್ಲಿ ಎಂಟುನೂರು ಜನ ಕೂತಿದ್ದರು. ಆಟ ಶುರುವಾಗಲಿಲ್ಲವೆಂದು ನೆಲ ಕುಟ್ಟುತ್ತಿದ್ದರು. ದಬ್... ದಬ್... ದಬ್... ಮೇಲೆ ಯಾರನ್ನು ಕುಟ್ಟುತ್ತಿದ್ದಾರೆ ಅಂತ ಪಾಪ, ಅವರಿಗೇನು ಗೊತ್ತು?

"ಇನ್ನೊಂದ್ಸಲ ಕೇಳ್ತೀನಿ, ಬರಹಗಾರ." ಬೆಣ್ಣೆಯಿಂದ ಕೂದಲು ತೆಗೆಯುವ ಹಾಗಿತ್ತು ರೋಲೋ ದನಿ. "ಬೂಟಿನ ವಿಷಯ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ... ನಾನೇ ಕಟ್ಟಿದ ಕತೆ..." ಅಂದ ಫೆರಿಸ್ ವಿಟ್ಲೋ, ಚಿತ್ರದ ಕತೆ ಬರೆದವನು.

ರೋಲೋ ಹುಬ್ಬು ಹಾರಿಸಿದ. ಅವನ ಬಂಟ ಗಸ್, ಗುಡಾಣದಂಥ ಆಸಾಮಿ, ಫೆರಿಸ್‌ನ ಕಿರುಬೆರಳು ಹಿಡಿದ. ಪಕ್ಕದ ಬೆರಳು ಆಗಲೇ ಮುರಿದಿತ್ತು.

ಕಟಕ್!

ಫೆರಿಸ್ ಕೂಗಲಿಲ್ಲ. ಕೂಗಲು ಬಾಯಿಯೇ ಇರಲಿಲ್ಲ. ಗಸ್‌ನ ಇನ್ನೊಂದು ಅಂಗೈ ಅದರ ಮೇಲಿತ್ತು.

ಥಿಯೇಟರಿನ ಆಪರೇಟರ್ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ನೆಲದ ಮೇಲೆ ಕೂತಿದ್ದೆ. ರೀಲಿನ ಡಬ್ಬ ಹೊತ್ತು ಮೆಟ್ಟಿಲು ಹತ್ತಿ ಬಂದವಳು, ಬಾಗಿಲ ಹಿಂದೆ ಗಸ್ ಇದ್ದದ್ದು ನೋಡಿರಲಿಲ್ಲ. ಬಾಯೊಳಗೆ ಒಂದು ಹಲ್ಲು ಅಲುಗಾಡುತ್ತಿತ್ತು. ರಕ್ತ ಉಪ್ಪುಪ್ಪು.

ನೀನು 'ಹಡಗುಕಟ್ಟೆಯ ಕೊನೆ' ಚಿತ್ರ ನೋಡಿ, ಹುಡುಕಿಕೊಂಡು ಮನೆಗೇ ಬಂದು ಕೇಳಿದೆ ಅಂತ ಹೇಳುತ್ತಿದ್ದೇನೆ. ಇಲ್ಲದಿದ್ದರೆ ಈ ಓಪಲ್ ಗ್ರೆಡಿ ಬಾಯಿ ಬಿಡುವವಳಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ನಾಯಕಿಯರ ಬದಲಿಗೆ ಬೀಳುವುದು ನನ್ನ ಕೆಲಸ. ಕುದುರೆಯಿಂದ, ಮಾಳಿಗೆಯಿಂದ, ಓಡುವ ರೈಲಿನಿಂದ... ನಾಯಕಿಗೆ ಹೂಗುಚ್ಛ, ನನಗೆ ಬ್ಯಾಂಡೇಜು. ಮೂಳೆ ಮಾತು ಕೇಳದ ವಯಸ್ಸಾದ ಮೇಲೆ ಸ್ಟುಡಿಯೋದವರು ಬೇರೆ ಕೆಲಸ ಕೊಟ್ಟರು. ನಟ ಕುಡಿದು ಕಾರು ಗುದ್ದಿದರೆ ಓಪಲ್‌ನ ಕರಿ. ನಟಿ ಓಡಿಹೋದರೆ ಓಪಲ್‌ನ ಕರಿ. ಗಬ್ಬು ಎಲ್ಲಿದೆಯೋ ಅಲ್ಲಿ ನಾನು, ಪೊರಕೆ ಹಿಡಿದು.

ಅಂದಿನ ಗಬ್ಬಿನ ಹೆಸರು ರೋಲೋ ಬ್ರಾಂಟ್.

ಲಾಸ್ ಏಂಜಲೀಸಿನ ಜೂಜುಕಟ್ಟೆಗಳೆಲ್ಲ ಅವನವು. ಚಿತ್ರಕ್ಕೆ ಬಂಡವಾಳವೂ ಅವನದೇ. ಹಿಂದಿನ ದಿನ ಸ್ಟುಡಿಯೋದಲ್ಲಿ ಪೂರ್ತಿ ಚಿತ್ರ ಮೊದಲ ಸಲ ನೋಡಿದ. ಕೊಲೆಯ ದೃಶ್ಯ ಬಂತು. ಪರದೆಯ ಮೇಲೆ ಕೊಲೆಗಾರ ತನ್ನ ಪಾಲುದಾರನ ತಲೆಗೆ ಹೊಡೆದು ಬೀಳಿಸುತ್ತಾನೆ. ಮಂಡಿಯೂರಿ ಅವನ ಬೂಟು ಬಿಚ್ಚುತ್ತಾನೆ. ಮರದ ಹಡಗುಕಟ್ಟೆಯ ಮೇಲೆ ದರದರ ಎಳೆದು ಸಮುದ್ರಕ್ಕೆ ನೂಕುತ್ತಾನೆ.

ರೋಲೋ ಕೈಯಲ್ಲಿದ್ದ ವಿಸ್ಕಿ ಗ್ಲಾಸು ನೆಲಕ್ಕೆ ಬಿತ್ತು.

ನಾಲ್ಕು ವರ್ಷದ ಹಿಂದೆ ಅವನ ನಿಜವಾದ ಪಾಲುದಾರ ಟೆಡ್ಡಿ ಲೂಮಿಸ್ ಸಾನ್ ಪೆಡ್ರೋ ಬಂದರಿನಲ್ಲಿ ಹೆಣವಾಗಿ ತೇಲಿದ್ದ. ಕುಡಿದು ಬಿದ್ದ ಎಂದು ಪತ್ರಿಕೆಗಳು ಬರೆದವು. ಪೊಲೀಸರು ತುಟಿ ಬಿಚ್ಚಲಿಲ್ಲ. ಟೆಡ್ಡಿ ಒಂದು ಕಾಲದ ನರ್ತಕ. ವೇದಿಕೆ ಬಿಟ್ಟರೂ ಅಟ್ಟೆಗೆ ಲಾಳ ಹೊಡೆದ ಬೂಟು ಬಿಟ್ಟಿರಲಿಲ್ಲ. ಅವನು ಬರುತ್ತಿದ್ದಾನೆಂದರೆ ಬೀದಿ ಕೊನೆಗೇ ಕೇಳುತ್ತಿತ್ತು.

"ಮೂರನೇ ಬೆರಳು," ಅಂದ ರೋಲೋ.

"ಬೇಡ! ಹೇಳ್ತೀನಿ!" ಫೆರಿಸ್ ಗಸ್‌ನ ಅಂಗೈಯೊಳಗಿಂದಲೇ ಮುಲುಗಿದ. ಗಸ್ ಕೈ ಸಡಿಲಿಸಿದ. "ಆಗ ನಂಗೆ ಮನೆ ಇರ್ಲಿಲ್ಲ... ಆ ಕಟ್ಟೆ ಕೆಳಗೆ ಒಂದು ಹಳೇ ದೋಣೀಲಿ ಮಲಗ್ತಿದ್ದೆ. ಮೇಲೆ ಟಕ್ ಟಕ್ ಅಂತ ನಡೆಯೋ ಸದ್ದು. ಆಮೇಲೆ ಧಡ್ ಅಂತು. ಬೂಟು ಹಲಗೆ ಮೇಲೆ ಬಿದ್ದ ಸದ್ದು... ಒಂದು... ಎರಡು. ಆಮೇಲೆ ಏನೋ ಎಳೆದ ಹಾಗೆ. ಅಷ್ಟೇ ಕೇಳಿದ್ದು. ನಾನು ಅಲ್ಲಿಂದ ಓಟ ಕಿತ್ತೆ. ಯಾರ ಮುಖಾನೂ ನೋಡಿಲ್ಲ, ದೇವರಾಣೆ!"



ರೋಲೋ ನಿಟ್ಟುಸಿರು ಬಿಟ್ಟ. ಅಂಗಡಿ ಬಾಗಿಲು ಹಾಕುವ ಶೆಟ್ಟರ ಹಾಗೆ. "ಸಾಕ್ಷಿ ಸಿಕ್ತು. ಗಸ್, ಹಿಂದಿನ ಮೆಟ್ಟಿಲಿಂದ ಕರ್ಕೊಂಡು ಹೋಗು. ರೀಲು ನಾನು ನೋಡ್ಕೋತೀನಿ."

ಸಿಗರೇಟು ಡಬ್ಬದ ಮೇಲೆ ಬಂತು. ಕೆಂಡ ಕೆಂಪಗೆ ನಕ್ಕಿತು.

"ಸುಡು!" ಅಂದೆ ನಾನು. "ನಾಳೆ ಪತ್ರಿಕೆಯವರು ಕೇಳ್ತಾರೆ, ಏಳು ಡಬ್ಬ ಇದ್ದಾಗ ಬೂಟಿನ ದೃಶ್ಯದ್ದೊಂದೇ ಯಾಕೆ ಸುಟ್ಟುಹೋಯ್ತು ಅಂತ. ಬರೆದವನು ಅದೇ ದಿನ ಯಾಕೆ ಸತ್ತ ಅಂತ. ಆಗ ನೀನು ಏನ್ ಹೇಳ್ತೀಯ?"

"ಬಾಯಿ ಮುಚ್ಚು, ಮುದುಕಿ."

"ನಿಂಗಿಂತ ಎರಡೇ ವರ್ಷ ದೊಡ್ಡೋಳು ಕಣೋ ನಾನು. ಕೇಳು. ಇವನು ಕೋರ್ಟಿಗೆ ಹೋದ ಅಂತಿಟ್ಕೋ. ಅಲ್ಲಿ ಕೂರೋದ್ಯಾರು? ಹನ್ನೆರಡು ಜನ ಜ್ಯೂರಿ. ಜ್ಯೂರಿ ಅಂದ್ರೇನು? ಟಿಕೆಟ್ ತಗೊಳ್ಳದ ಪ್ರೇಕ್ಷಕರು! ಕೆಳಗೆ ಎಂಟುನೂರು ಜನ ಟಿಕೆಟ್ ತಗೊಂಡು ಕೂತಿದಾರೆ. ಕಿತ್ತಳೆ ತೋಟದವರು, ಕ್ಷೌರದವರು, ಮೇಷ್ಟ್ರುಗಳು. ಚಿತ್ರ ತೋರ್ಸು. ಈ ಬೂಟಿನ ಕೊಲೆ ಅವರೇ ನಂಬದೆ ಹೋದ್ರೆ, ಇವನ ಮಾತನ್ನ ಯಾವ ಜ್ಯೂರಿ ನಂಬುತ್ತೆ? ನಂಬಿಕೆ ಇಲ್ಲದ ಸಾಕ್ಷಿನ ಕೊಂದು ಯಾಕೆ ಕೈ ಕೊಳೆ ಮಾಡ್ಕೋತೀಯ?"

ಕೆಂಡ ನಿಂತಲ್ಲೇ ನಿಂತಿತು.

"ನಂಬಿದ್ರೆ?"

"ನಂಬಿದ್ರೆ ಇವನ ಜೊತೆ ನನ್ನೂ ಕರ್ಕೊಂಡು ಹೋಗು. ಹಿಂದಿನ ಮೆಟ್ಟಿಲಿಂದ."

ರೋಲೋ ನನ್ನನ್ನೇ ನೋಡಿದ. ಜೂಜುಕೋರನ ಕಣ್ಣು. ಪಣ ಎಂದರೆ ಅವನಿಗೆ ಹಸಿದವನಿಗೆ ಅನ್ನ ಕಂಡ ಹಾಗೆ.

ಸಿಗರೇಟನ್ನು ಅಂಗೈಗೇ ಒತ್ತಿ ಆರಿಸಿದ. ಮುಖ ಕಿವುಚಲೂ ಇಲ್ಲ!

"ಆಟ ಶುರು ಮಾಡಯ್ಯ," ಅಂದ ಆಪರೇಟರಿಗೆ.

* * *

ನಮ್ಮ ಕಡೆ ಅದೊಂದು ಪದ್ಧತಿ. ಚಿತ್ರ ಬಿಡುಗಡೆಗೆ ಮೊದಲು, ಯಾರಿಗೂ ಹೇಳದೆ, ಊರಾಚೆಯ ಯಾವುದೋ ಥಿಯೇಟರಿಗೆ ಹೊತ್ತುಕೊಂಡು ಹೋಗುವುದು. ಜನ ಇನ್ಯಾವುದೋ ಚಿತ್ರಕ್ಕೆ ಬಂದಿರುತ್ತಾರೆ, ನಮ್ಮದನ್ನು ಉಣಬಡಿಸುವುದು. ಮುಗಿದ ಮೇಲೆ ಹೊರಗಿನ ಹಜಾರದಲ್ಲಿ ಒಂದೊಂದು ಚೀಟಿ, ಒಂದೊಂದು ಮೋಟು ಪೆನ್ಸಿಲು. ಅಭಿಪ್ರಾಯ ಬರೆಯಿರಿ, ಮಹಾಪ್ರಭುಗಳೇ! ಅವರು ಬೇಡವೆಂದದ್ದನ್ನು ಮರುದಿನ ಕತ್ತರಿಸಿ ಎಸೆಯುವುದು.

ಪೆನ್ಸಿಲು ಹಂಚುವವನು ಮುದುಕ ಹಾಲ್ವರ್. ಸ್ಟುಡಿಯೋದ ಕೆಂಪು ಕೋಟು, ಹಿತ್ತಾಳೆ ಗುಂಡಿ. ಅದಕ್ಕೆ ಮೊದಲು ಸಾನ್ ಪೆಡ್ರೋ ಬಂದರಿನಲ್ಲಿ ಪೊಲೀಸನಾಗಿದ್ದವ. ನೀರಿನಿಂದ ಎತ್ತಿದ ಹೆಣಗಳ ಕತೆ ಶುರುಮಾಡಿದನೆಂದರೆ ಕೇಳಿದವರಿಗೆ ಎರಡು ದಿನ ಮೀನು ಸೇರುತ್ತಿರಲಿಲ್ಲ. ಟೆಡ್ಡಿ ಲೂಮಿಸ್ ಕತೆ ಕೇಳಿದರೆ ಮಾತ್ರ ಬಾಯಿಗೆ ಬೀಗ.

ಮೆಟ್ಟಿಲಿಳಿದು ಹಜಾರ ದಾಟುವಾಗ ಅವನು ನನ್ನ ಊದಿದ ತುಟಿ ನೋಡಿದ.

"ಏನಾಯ್ತು, ಓಪಲ್?"

ರೋಲೋನ ಕೋಟಿನ ಜೇಬು ನನ್ನ ಪಕ್ಕೆಲುಬಿಗೆ ಒತ್ತಿತು. ಒಳಗಿದ್ದದ್ದು ಗಟ್ಟಿಯಾಗಿತ್ತು.

"ಬಿದ್ದೆ," ಅಂದೆ.

"ನೀನಾ? ಬಿದ್ದು ಪೆಟ್ಟು ಮಾಡ್ಕೊಂಡ್ಯಾ?" ಮುದುಕ ನಕ್ಕ. ನಗು ಪೂರ್ತಿ ಆಗಲಿಲ್ಲ.

ಕೊನೆಯ ಸಾಲಿನಲ್ಲಿ ಕೂತೆವು. ರೋಲೋ, ನಾನು, ಫೆರಿಸ್, ಗಸ್. ಹೊರಗಿನವರ ಕಣ್ಣಿಗೆ ನಾಲ್ಕು ಜನ ಗೆಳೆಯರು.

ಬದುಕಿನಲ್ಲಿ ಮೊದಲ ಸಲ ನಾನು ದೇವರಲ್ಲಿ ಕೇಳಿದ್ದು ಇದು: ಸ್ವಾಮಿ, ನಮ್ಮ ಚಿತ್ರ ಮಕಾಡೆ ಮಲಗಲಿ!

ದೇವರು ಕಿವುಡ. ಚಿತ್ರ ಚೆನ್ನಾಗಿತ್ತು.

ಹಾಳಾದ್ದು, ತುಂಬಾ ಚೆನ್ನಾಗಿತ್ತು! ಅರ್ಧ ಕತ್ತಲು, ಅರ್ಧ ಬೆಳಕು, ಮಂಜು, ಒಂದು ದೀಪದ ಕೆಳಗೆ ಇಬ್ಬರು ಗೆಳೆಯರು... ಜನ ಕಡಲೆಬೀಜ ತಿನ್ನುವುದನ್ನೇ ಮರೆತರು. ಮುಂದಿನ ಸಾಲಿನ ಹುಡುಗಿ ಗಂಡನ ತೋಳು ಹಿಡಿದಳು. ಕೆಮ್ಮು ಕೂಡ ಇಲ್ಲ.

ರೋಲೋ ನನ್ನ ಕಿವಿಯ ಹತ್ತಿರ ಬಾಗಿದ. "ನಂಬ್ತಾ ಇದಾರೆ, ಓಪಲ್."



ಕೊಲೆಯ ದೃಶ್ಯ ಬಂತು. ಹೊಡೆತ ಬಿತ್ತು. ಎಂಟುನೂರು ಜನ ಒಟ್ಟಿಗೆ ಉಸಿರು ಎಳೆದುಕೊಂಡರು. ಕೊಲೆಗಾರ ಮಂಡಿಯೂರಿದ. ಬೂಟಿನ ಲಾಡಿ ಬಿಚ್ಚಿದ. ನಿಧಾನವಾಗಿ... ಎಡಗಾಲು... ಬಲಗಾಲು...

ಮುಗಿಯಿತು ಅಂದುಕೊಂಡೆ.

ಆಗ ನಡುವಿನ ಸಾಲಿನಿಂದ ಒಂದು ಹೆಣ್ಣುದನಿ. ಮೊಳಗಿತು ಅನ್ನಬೇಕು.

"ಅಯ್ಯೋ, ಬೂಟು ಯಾಕಪ್ಪಾ? ಅಳತೆ ನೋಡ್ತಿದೀಯಾ?"



ಆಮೇಲೆ ಯಾರೋ ಕಿಸಕ್ಕೆಂದರು. ಇನ್ಯಾರೋ, "ಬೇರೆ ಬಣ್ಣದ್ದು ತೋರ್ಸಯ್ಯಾ!" ಎಂದರು. ಅಷ್ಟೇ! ಕಟ್ಟೆ ಒಡೆಯಿತು. ಇಡೀ ಥಿಯೇಟರು ಗೊಳ್ಳೆಂದಿತು. ಕೊಲೆಗಾರ ಹೆಣ ಎಳೆಯುತ್ತಿದ್ದಾನೆ, ಜನ ಹೊಟ್ಟೆ ಹಿಡಿದು ನಗುತ್ತಿದ್ದಾರೆ!

ಆ ಹೆಂಗಸಿನ ಕಾಲಿಗೆ ಬೀಳೋಣ ಅನ್ನಿಸಿತು ನನಗೆ.

ಪಕ್ಕದಲ್ಲಿ ಫೆರಿಸ್ ಅಳುತ್ತಿದ್ದ. ಎರಡು ಬೆರಳು ಮುರಿದಾಗ ಅಳದವನು, ಆಗ ಅತ್ತ.

* * *

ಹಜಾರದಲ್ಲಿ ಜಾತ್ರೆ. ಜನ ಕಂಬಕ್ಕೆ, ಗೋಡೆಗೆ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಚೀಟಿ ಇಟ್ಟು ಬರೆಯುತ್ತಿದ್ದರು. ಬರೆಯುವುದಕ್ಕಿಂತ ಹೆಚ್ಚು ಕೂಗಾಡುತ್ತಿದ್ದರು.

"ಫೋಟೋ ಚೆನ್ನಾಗಿದೆ. ಕತ್ತಲು ಜಾಸ್ತಿ."

"ಆ ನಾಯಕಿ ನಕ್ಕಿದ್ದೇ ಇಲ್ಲವಲ್ರೀ! ಹಲ್ಲುನೋವಾ?"

"ನಾನು ಯುದ್ಧದಲ್ಲಿ ಹೆಣ ನೋಡಿದೀನಿ. ಹೀಗೆಲ್ಲಾ ಇರಲ್ಲ."

"ಎಲ್ಲಾ ಸರಿ, ಆ ಬೂಟು! ಥೂ!"

ಬೂಟು... ಬೂಟು... ಬೂಟು. ಎಲ್ಲರ ಬಾಯಲ್ಲೂ ಅದೇ. ಸುಳ್ಳು, ಹುಚ್ಚು, ನಂಬೋ ಹಾಗಿಲ್ಲ.

"ಕೇಳ್ಸಿತಾ?" ನಾನು ರೋಲೋಗೆ ಮೆಲ್ಲಗೆ ಹೇಳಿದೆ. "ನಿಂಗೆ ಬಿಡುಗಡೆ. ಇವನ್ನ ಬಿಡು."

ರೋಲೋ ತಲೆಯಾಡಿಸಿದ. ಗಸ್ ಫೆರಿಸ್‌ನ ತೋಳು ಬಿಟ್ಟ. ಸೋತ ಪಣವನ್ನು ರೋಲೋ ಎಂದೂ ಮುರಿದವನಲ್ಲ. ಅಷ್ಟು ಮಟ್ಟಿಗೆ ಮರ್ಯಾದಸ್ಥ. ಟೋಪಿ ಕೆಳಗೆ ಎಳೆದುಕೊಂಡ. ಬೀದಿಬಾಗಿಲು ಎದುರಿಗೇ ಇತ್ತು. ಆಚೆ ಜೂನ್ ತಿಂಗಳ ಸಂಜೆ ಬೆಳಕು. ಕಿತ್ತಳೆ ಹೂವಿನ ವಾಸನೆ. ಅವನ ಉದ್ದನೆಯ ಕಾರು.

ಹೊರಟ.

ಆದರೆ ಅವನ ಕತ್ತಿನ ನರ ಉಬ್ಬಿತ್ತು. ಸಭಾಂಗಣದಲ್ಲಿ ನಗು ಎದ್ದಾಗಿನಿಂದ ಉಬ್ಬಿಯೇ ಇತ್ತು.

"ಅಭಿಪ್ರಾಯ, ಸಾರ್?" ಹಾಲ್ವರ್ ಪೆನ್ಸಿಲು ನೀಡಿದ.

"ಬೇಡ."

"ಅವರಿಗೇನು ಅಭಿಪ್ರಾಯ ಇರುತ್ತೆ, ಪಾಪ!" ಅದೇ ಹೆಣ್ಣುದನಿ! ದಪ್ಪನೆಯ ಮೈ, ಹೂವಿನ ಟೋಪಿ, ಕಿತ್ತಳೆ ತುಂಬುವ ಕಾರ್ಖಾನೆಯಲ್ಲಿ ದುಡಿದು ಗಟ್ಟಿಯಾದ ಕೈ. ಮಿಸೆಸ್ ಅಪ್‌ಶಾ ಎಂದು ಆಮೇಲೆ ತಿಳಿಯಿತು. "ಅಂಥ ಪೆದ್ದು ಕೊಲೆಗಾರನ್ನ ನೋಡಿ ನಂಗೇ ಮಾತು ಹೊರಡ್ತಿಲ್ಲ!"

ರೋಲೋ ನಿಂತ.

"ಹೋಗು, ರೋಲೋ," ಅಂದೆ. ಅವನ ತೋಳು ಜಗ್ಗಿದೆ. ದೇವರಾಣೆ ಜಗ್ಗಿದೆ! ನನಗೆ ಬೇಕಾಗಿದ್ದದ್ದು ಫೆರಿಸ್‌ನ ಜೀವ ಅಷ್ಟೇ. ಅದು ಸಿಕ್ಕಿತ್ತು.

ಅವನು ಕೊಡವಿಕೊಂಡ.

"ಪೆದ್ದು ಯಾಕಮ್ಮಾ?"

"ಮತ್ತೇನ್ರೀ? ಕೊಲೆ ಮಾಡೋಕೆ ಬಂದೋನು ಬೂಟು ಬಿಚ್ಕೊಂಡು ಕೂತ್ಕೋತಾನಾ? ನಮ್ಮ ಮನೆಯವರು ಕುಡಿದು ಬಂದ್ರೆ ಬೂಟು ಬಿಚ್ಚೋಕೆ ಇಬ್ಬರು ಬೇಕು!"

ಸುತ್ತ ನಗು.

"ಮರದ ಹಲಗೆ ಅದು," ರೋಲೋ ಹೇಳಿದ. ತಾಳ್ಮೆಯ ಮೇಷ್ಟ್ರ ಹಾಗೆ. "ಲಾಳದ ಬೂಟು. ಎಳ್ಕೊಂಡು ಹೋದ್ರೆ ಕಾವಲುಗಾರ ಎದ್ದು ಬರಲ್ವಾ? ಅದಕ್ಕೇ ಬಿಚ್ಚಿದ್ದು. ಬುದ್ಧಿವಂತಿಕೆ ಅದು."

"ಬುದ್ಧಿವಂತಿಕೆಯಂತೆ! ಬರಿಗಾಲಿನ ಹೆಣ ಸಿಕ್ಕಿದ್ರೆ ಪೊಲೀಸರು ಸುಮ್ನಿರ್ತಾರಾ? ಕುಡಿದು ಬೀಳೋನು ಬೂಟು ಬಿಚ್ಚಿಟ್ಟು ಬೀಳ್ತಾನಾ? ನಮ್ಮ ಕೋಳಿಗೂ ಗೊತ್ತಾಗುತ್ತೆ!"

ಹಜಾರ ಮತ್ತೆ ಗೊಳ್ಳೆಂದಿತು. ರೋಲೋನ ಕಿವಿ ಕೆಂಪಾಯಿತು. ಊರಿಗೆ ಊರೇ ಹೆದರುವ ಗಂಡಸು! ಅವನು ಮಾಡಿದ್ದರಲ್ಲೆಲ್ಲ ನಾಜೂಕಿನ ಕೆಲಸ ಅದೊಂದು. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಈಗ ನೋಡಿದರೆ ಕಿತ್ತಳೆಹಣ್ಣಿನವಳು ಅದನ್ನು ಕೋಳಿಗೆ ಹೋಲಿಸುತ್ತಿದ್ದಾಳೆ!

"ಬರಿಗಾಲಲ್ಲಿ ಯಾರು ಬಿಟ್ರು?" ಅವನ ದನಿ ಏರಿತು. "ತುದಿಗೆ ಹೋದ್ಮೇಲೆ ವಾಪಸ್ ತೊಡಿಸೋದು!"

"ಚಿತ್ರದಲ್ಲಿ ತೊಡಿಸ್ಲಿಲ್ವಲ್ಲ?"

"ಬರೆದ ಮುಠ್ಠಾಳನಿಗೆ ಅದು ಗೊತ್ತಿಲ್ಲ!"

"ಹೆಣಕ್ಕೆ ಬೂಟು ತೊಡಿಸೋಕಾಗುತ್ತೇನ್ರೀ? ನಮ್ಮಪ್ಪ ಸತ್ತಾಗ ನಾನು ತೊಡಿಸಿದೀನಿ. ಬೆವರು ಕಿತ್ತು ಬಂತು. ಆಗಲ್ಲ!"

"ಆಗುತ್ತೆ!"

"ಆಗಲ್ಲ!"

"ಆಗುತ್ತೆ ಕಣೇ! ಕತ್ತಲಲ್ಲಿ ಎಡ ಬಲ ಗೊತ್ತಾಗದೆ ಅದಲುಬದಲು ಆಗುತ್ತೆ, ಅಷ್ಟೇ! ಆದ್ರೂ ಆಗುತ್ತೆ!"

ಟಣ್... ಟಣ ಟಣ ಟಣ...

ಹಾಲ್ವರ್ ಕೈಯಿಂದ ಪೆನ್ಸಿಲಿನ ಡಬ್ಬ ಜಾರಿತ್ತು. ಮೋಟು ಪೆನ್ಸಿಲುಗಳು ಅಮೃತಶಿಲೆಯ ನೆಲದ ಮೇಲೆ ಉರುಳಿದವು.

ಮುದುಕ ರೋಲೋನನ್ನೇ ನೋಡುತ್ತಿದ್ದ.

"ಸಾರ್..." ಅಂದ. "ಟೆಡ್ಡಿ ಲೂಮಿಸ್‌ನ ನೀರಿಂದ ಎತ್ತಿದ್ದು ನಾನು. ಎಡಗಾಲಲ್ಲಿ ಬಲಗಾಲಿನ ಬೂಟು. ಬಲಗಾಲಲ್ಲಿ ಎಡಗಾಲಿಂದು. ಅದನ್ನ ಹೊರಗೆ ಬಿಡ್ಲಿಲ್ಲ ನಾವು. ನಾನಂತೂ ಹೆಂಡತಿಗೂ ಹೇಳಿಲ್ಲ. ಹೇಳೋನು ಒಬ್ಬ ಬರ್ತಾನೆ ಅಂತ... ಕಾಯ್ತಾ ಇದ್ದೆ."

ಪೆನ್ಸಿಲೊಂದು ಇನ್ನೂ ಉರುಳುತ್ತಿತ್ತು.

ರೋಲೋಗೆ ಆಗ ಅರ್ಥವಾಯಿತು. ಕೈ ಕೋಟಿನ ಜೇಬಿಗೆ ಹೋಯಿತು.

ಢಂ!

ಹಾಲ್ವರ್ ಸುತ್ತಿ ಬಿದ್ದ. ಕೆಂಪು ಕೋಟಿನ ಭುಜ ಇನ್ನಷ್ಟು ಕೆಂಪಾಯಿತು. ಜನ ಚೀರಿದರು. ಚೀಟಿಗಳು ಹಾರಿದವು. ಎಲ್ಲರೂ ಬೀದಿಬಾಗಿಲಿಗೆ ನುಗ್ಗಿದರು. ಬಾಗಿಲು ತುಂಬಿ ಹೋಯಿತು. ರೋಲೋಗೆ ಆ ದಾರಿ ಬಂದಾಯಿತು.

ಅವನು ಫೆರಿಸ್‌ನ ಕುತ್ತಿಗೆಗೆ ತೋಳು ಹಾಕಿ ಬಾಲ್ಕನಿಯ ಮೆಟ್ಟಿಲಿಗೆ ಎಳೆದ. ಮೇಲಿನಿಂದ ಹಿತ್ತಿಲಿಗೆ ಇಳಿಯುವ ಆ ಹಿಂದಿನ ಮೆಟ್ಟಿಲು ಇತ್ತು.

ನಾನು ಹಿಂದೆ ಓಡಿದೆ. ಗಸ್ ಅಡ್ಡ ಬಂದ. ಮುಷ್ಟಿ ಬೀಸಿದ. ಬಗ್ಗಿದೆ. ಪಕ್ಕದಲ್ಲಿ ಸಿಗರೇಟಿನ ಬೂದಿ ಹಾಕುವ ಕಂಚಿನ ಕಂಬ. ಎರಡು ಕೈಯಲ್ಲೂ ಎತ್ತಿ ಅವನ ಮೊಣಕಾಲಿಗೆ ಕೊಟ್ಟೆ.

ಕಟಕ್! ಬೆರಳಿಗಿಂತ ದೊಡ್ಡ ಸದ್ದು.

"ಇದು ಫೆರಿಸ್ ಲೆಕ್ಕ," ಅಂದೆ. ಅವನಿಗೆ ಕೇಳಿಸಲಿಲ್ಲ. ಗೂಳಿಯ ಹಾಗೆ ಬೊಬ್ಬಿರಿಯುತ್ತಿದ್ದ. ಮಿಸೆಸ್ ಅಪ್‌ಶಾ ಓಡಿಹೋಗಿರಲಿಲ್ಲ. ಬಂದು ಅವನ ಬೆನ್ನಿನ ಮೇಲೆ ಕೂತಳು. ಆಮೇಲೆ ಅವನು ಏಳಲಿಲ್ಲ.

ಮೆಟ್ಟಿಲ ತುದಿಯಲ್ಲಿ ರೋಲೋ ತಿರುಗಿದ. ಪಿಸ್ತೂಲು ಫೆರಿಸ್‌ನ ಕಿವಿಯೊಳಗೆ.

"ಅಲ್ಲೇ ನಿಲ್ಲು, ಓಪಲ್! ಇನ್ನೊಂದು ಹೆಜ್ಜೆ ಇಟ್ರೆ ಇವನ ತಲೆ ಹಾರುತ್ತೆ!"

"ಪಣ ಸೋತವನು ನೀನು. ಜನ ನಂಬ್ಲಿಲ್ಲ."

"ಈಗ ನಂಬಿದ್ರಲ್ಲ!"

"ಅದು ಇವನ ಬರಹದಿಂದಲ್ಲ, ರೋಲೋ. ನಿನ್ನ ಬಾಯಿಂದ."

ಒಂದೊಂದೇ ಮೆಟ್ಟಿಲು ಹತ್ತುತ್ತ ಹೇಳಿದೆ. ಕೋಪ ಬಂತು ಅವನಿಗೆ. ಪಿಸ್ತೂಲು ಫೆರಿಸ್‌ನ ಕಿವಿ ಬಿಟ್ಟು ನನ್ನ ಕಡೆ ತಿರುಗಿತು.

ನನಗೆ ಬೇಕಾಗಿದ್ದದ್ದು ಅದೇ!

ಫೆರಿಸ್ ಮೊಣಕೈಯಿಂದ ತಿವಿದ. ಗುಂಡು ಹಾರಿತು. ನನ್ನ ಕಿವಿಯ ತುದಿ ಕಿತ್ತುಕೊಂಡು ಹೋಯಿತು. ಅಷ್ಟರಲ್ಲಿ ರೋಲೋನ ರೇಷ್ಮೆ ಟೈ ನನ್ನ ಎರಡೂ ಮುಷ್ಟಿಯಲ್ಲಿತ್ತು.

ಕಾಲು ಬಿಟ್ಟೆ. ಹಿಂದಕ್ಕೆ ಬಿದ್ದೆ.

ಅಮೃತಶಿಲೆಯ ಮೆಟ್ಟಿಲು. ಇಪ್ಪತ್ತು ವರ್ಷ ಇದೇ ಮಾಡಿದ್ದೆ. ಗದ್ದ ಎದೆಗೆ, ಭುಜ ಒಳಕ್ಕೆ, ಮೈ ಚಿಂದಿಬಟ್ಟೆಯ ಹಾಗೆ ಸಡಿಲ. ಬೀಳುವುದು ನನ್ನ ಕಸುಬು.

ರೋಲೋದಲ್ಲ.

ಅವನು ಕೈ ಊರಲು ಹೋದ. ಕೈ ಊರಿದವನ ಕೈ ಉಳಿಯುವುದಿಲ್ಲ. ಮೊದಲು ಮಣಿಕಟ್ಟು, ಆಮೇಲೆ ಭುಜ, ಆಮೇಲೆ ಸೊಂಟ... ಒಂದೊಂದು ಮೆಟ್ಟಿಲಿಗೆ ಒಂದೊಂದು ಸದ್ದು. ಕೆಳಗೆ ತಲುಪಿದಾಗ ನಾನು ಮೇಲಿದ್ದೆ, ಅವನು ಕೆಳಗಿದ್ದ. ಪಿಸ್ತೂಲು ಎಲ್ಲೋ ದೂರ.

ಹಾಲ್ವರ್ ಭುಜ ಹಿಡಿದುಕೊಂಡು ತೆವಳಿ ಬಂದ. ರೋಲೋನ ಕಾಲು ನೋಡಿದ. ಉರುಳುವಾಗ ಒಂದು ಬೂಟು ಕಳಚಿ ಹೋಗಿತ್ತು. ಮುದುಕ ಅದನ್ನು ಎತ್ತಿ ಅವನ ಪಕ್ಕದಲ್ಲಿಟ್ಟ.

"ಇದು ಎಡಗಾಲಿಂದು, ಸಾರ್," ಅಂದ.

ಫೆರಿಸ್ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಮುರಿದ ಬೆರಳು ಮಡಿಲಲ್ಲಿ. ನನ್ನನ್ನು ನೋಡಿದ. ಬದುಕಿಸಿದ್ದಕ್ಕೆ ಏನಾದರೂ ಹೇಳುತ್ತಾನೆ ಅಂದುಕೊಂಡೆ.

"ಓಪಲ್... ಜನ ನಿಜವಾಗ್ಲೂ ನಂಬ್ಲಿಲ್ವಾ?"

ಅವನ ಕೆನ್ನೆಗೆ ಒಂದು ಬಿಡೋಣ ಅನ್ನಿಸಿತು. ಕೈ ಎತ್ತಲು ಆಗಲಿಲ್ಲ.

* * *

ಎಂಟುನೂರು ಜನ ನಂಬದ ಕೊಲೆಯನ್ನು ಹನ್ನೆರಡು ಜನ ನಂಬಿದರು. ಹಾಲ್ವರ್ ಸಾಕ್ಷಿ ಹೇಳಿದ, ಮಿಸೆಸ್ ಅಪ್‌ಶಾ ಅದೇ ಹೂವಿನ ಟೋಪಿ ಹಾಕಿಕೊಂಡು ಬಂದು ಹೇಳಿದಳು, ಫೆರಿಸ್ ಕೂಡ ಹೇಳಿದ. ರೋಲೋನನ್ನು ಸಾನ್ ಕ್ವೆಂಟಿನ್ ಜೈಲಿನ ಗ್ಯಾಸ್ ಕೋಣೆಗೆ ಕರೆದೊಯ್ದರು. ಒಳಗೆ ಬಿಡುವ ಮೊದಲು ಬೂಟು ಬಿಚ್ಚಿಸುತ್ತಾರಂತೆ.

ಬೂಟಿನ ದೃಶ್ಯ? ಸ್ಟುಡಿಯೋದವರು ಚೀಟಿಗಳನ್ನು ಓದಿ ಮರುವಾರವೇ ಕತ್ತರಿಸಿ ಎಸೆದರು. ನಂಬೋ ಹಾಗಿಲ್ಲವಂತೆ! ಚಿತ್ರ ಎರಡು ವಾರ ಓಡಿ ಡಬ್ಬ ಸೇರಿತು. ಈಗ ಇಪ್ಪತ್ತು ವರ್ಷದ ಮೇಲೆ ನಿಮ್ಮಂಥವರು ಅದನ್ನು ಹುಡುಕಿ ತೆಗೆದು, ಹಳೇ ಥಿಯೇಟರಿನಲ್ಲಿ ಹಾಕಿಕೊಂಡು ನೋಡಿ, ಹೊರಗೆ ನಿಂತು ಜಗಳ ಆಡುತ್ತೀರಿ. ಮೊನ್ನೆ ಆಟ ಮುಗಿದ ಮೇಲೆ ಗಡ್ಡದವನೊಬ್ಬ ಕೂಗುತ್ತಿದ್ದ, ಆ ಕೊಲೆಗಾರ ಸದ್ದಿಲ್ಲದೆ ಹೆಣ ಎಳೆದದ್ದು ಹೇಗೆ, ಎಂಥ ಪೆದ್ದು ಚಿತ್ರ ಅಂತ. ನೀನೂ ಪಕ್ಕದಲ್ಲಿದ್ದೆ. ನನ್ನ ಕಡೆ ತಿರುಗಿ, "ನೀವೇನ್ ಹೇಳ್ತೀರಾ ಅಜ್ಜಿ?" ಅಂತ ಕೇಳಿದೆ.

ಆಗ ನಾನು ಬಾಯಿ ಮುಚ್ಚಿಕೊಂಡು ಬೀದಿಬಾಗಿಲಿನಿಂದ ನೆಟ್ಟಗೆ ಹೊರಗೆ ನಡೆದೆ. ರೋಲೋ ಮಾಡಬೇಕಾಗಿದ್ದದ್ದೂ ಅಷ್ಟೇ.